ಪಿಜಿ ಪಾರ್ಟ್‌ಮ್ಯಾನ್ ಎಕ್ಸ್‌ಟೆನ್ಷನ್: 4ರಿಂದ 5ನೇ ಆವೃತ್ತಿಗೆ ಹೋಗುವ ಕ್ರಮ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ದೊಡ್ಡ ಟೇಬಲ್‌ಗಳನ್ನು ಕಾಲ ಅಥವಾ ಸಂಖ್ಯೆಯ ಲೆಕ್ಕದಲ್ಲಿ ಪಾರ್ಟಿಷನ್‌ಗಳಾಗಿ, ಅಂದರೆ ಸಣ್ಣ ಭಾಗಗಳಾಗಿ, ಒಡೆದು ನಿರ್ವಹಿಸುವ ಪಿಜಿ ಪಾರ್ಟ್‌ಮ್ಯಾನ್ ಎಂಬ ಎಕ್ಸ್‌ಟೆನ್ಷನ್ ಅನ್ನು (ಡೇಟಾಬೇಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ನವೀಕರಿಸಲು ‘ಆಲ್ಟರ್ ಎಕ್ಸ್‌ಟೆನ್ಷನ್’ ಎಂಬ ಒಂದೇ ಸಾಲಿನ ಕಮಾಂಡ್ ಸಾಕು. ಆದರೆ 4ರಿಂದ 5ಕ್ಕೆ ಹೋಗುವವರ ನಿಜವಾದ ಕೆಲಸ ಆ ಸಾಲಿನ ಹಿಂದೆ ಮುಂದೆ ಇರುತ್ತದೆ. 2023ರಲ್ಲಿ ಬಂದ 5ನೇ ಆವೃತ್ತಿಯು ಸಾಲುಗಳನ್ನು ಟ್ರಿಗರ್‌ಗಳ (ಸಾಲು ಸೇರಿದಾಗ ತಾನಾಗಿ ಓಡುವ ಕೋಡ್) ಮೂಲಕ ಪಾರ್ಟಿಷನ್‌ಗಳಿಗೆ ಹಂಚುವ ಹಳೆಯ ಪದ್ಧತಿಯನ್ನು ಪೂರ್ತಿ ಕೈಬಿಟ್ಟಿದೆ, ಮತ್ತು ಅದಕ್ಕೆ ಪೋಸ್ಟ್‌ಗ್ರೆಸ್ 14 ಅಥವಾ ಅದರ ನಂತರದ ಸರ್ವರ್ ಬೇಕು.

ಆದ್ದರಿಂದ ಮೊದಲು ಪಿಜಿ ಪಾರ್ಟ್‌ಮ್ಯಾನ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ‘ಪಾರ್ಟ್ ಕಾನ್ಫಿಗ್’ ಟೇಬಲ್‌ನಲ್ಲಿ ಪಾರ್ಟಿಷನ್ ಟೈಪ್ ಕಾಲಮ್ ನೋಡಿ. ಎಲ್ಲ ಸಾಲುಗಳಲ್ಲೂ ‘ನೇಟಿವ್’ ಎಂದಿದ್ದರೆ ಮುಂದುವರಿಯಬಹುದು. ‘ಪಾರ್ಟ್‌ಮ್ಯಾನ್’ ಎಂದಿರುವ, ಅಂದರೆ ಟ್ರಿಗರ್ ಪದ್ಧತಿಯ, ಟೇಬಲ್‌ಗಳನ್ನು ಮೊದಲು ಪೋಸ್ಟ್‌ಗ್ರೆಸ್‌ನ ಸ್ವಂತ ಪಾರ್ಟಿಷನಿಂಗ್‌ಗೆ ಬದಲಿಸಿಕೊಳ್ಳಲೇಬೇಕು.

ಹೆಚ್ಚು ಜನ ಎಡವುವುದು ಹೆಸರುಗಳಲ್ಲಿ. ಹಿಂದೆ ‘ವೀಕ್ಲಿ’, ‘ಕ್ವಾರ್ಟರ್ಲಿ’ ಎಂದು ಕೊಟ್ಟ ಪಾರ್ಟಿಷನ್‌ಗಳ ಹೆಸರಿನ ಕೊನೆಗೆ ವಾರದ ಅಥವಾ ತ್ರೈಮಾಸಿಕದ ಸಂಖ್ಯೆ ಸೇರುತ್ತಿತ್ತು. 5ನೇ ಆವೃತ್ತಿ ಆ ವಿಶೇಷ ರೂಪಗಳನ್ನು ಬೆಂಬಲಿಸುವುದಿಲ್ಲ. 2024ರ ಮೊದಲ ವಾರದ ಪಾರ್ಟಿಷನ್ ‘2024ಡಬ್ಲ್ಯೂ01’ ಎಂದು ಮುಗಿಯುತ್ತಿದ್ದರೆ ಅದನ್ನು ‘20240101’ ಎಂದು ಮರುನಾಮಕರಣ ಮಾಡಿ, ಪಾರ್ಟ್ ಕಾನ್ಫಿಗ್‌ನ ‘ಡೇಟ್‌ಟೈಮ್ ಸ್ಟ್ರಿಂಗ್’ (ಹೆಸರಿನ ಕೊನೆಯ ದಿನಾಂಕದ ರೂಪ) ಅನ್ನೂ ಅದಕ್ಕೆ ಹೊಂದಿಸಬೇಕು. ಹೊಸ ಪಾರ್ಟಿಷನ್ ಸೆಟ್ ರಚಿಸುವ ನಿಮ್ಮ ಸ್ಕ್ರಿಪ್ಟ್‌ಗಳಲ್ಲಿ ‘ಡೈಲಿ’ ಎಂಬ ಪದವಿದ್ದರೆ ಅದರ ಜಾಗಕ್ಕೆ ‘1 ಡೇ’ ಎಂಬ ಇಂಟರ್ವಲ್ ಬರಬೇಕು. ಅದೇ ಸ್ಕ್ರಿಪ್ಟ್‌ಗಳಲ್ಲಿ ಟೈಪ್ ‘ನೇಟಿವ್’ ಬದಲು ‘ರೇಂಜ್’ ಆಗಬೇಕು.

ಇಷ್ಟಾದ ಮೇಲೆ ಬ್ಯಾಕಪ್ ತೆಗೆದು, ಹೊಸ ಪಾರ್ಟಿಷನ್‌ಗಳನ್ನು ಆಗಾಗ ಸೃಷ್ಟಿಸುವ ಮೇಂಟೆನೆನ್ಸ್ ಜಾಬ್ ನಿಲ್ಲಿಸಿ. ಮುಂಚಿತವಾಗಿ ಎಷ್ಟು ಪಾರ್ಟಿಷನ್ ಮಾಡಬೇಕೆಂದು ಹೇಳುವ ‘ಪ್ರೀಮೇಕ್’ ಸಾಮಾನ್ಯವಾಗಿ 4 ಆಗಿರುವುದರಿಂದ ದಿನವಹಿ ಟೇಬಲ್‌ಗೆ ನಾಲ್ಕು ದಿನಗಳ ಪಾರ್ಟಿಷನ್‌ಗಳು ಮುಂಚಿತವಾಗಿಯೇ ಸಿದ್ಧವಿರುತ್ತವೆ, ಹಾಗಾಗಿ ಗಡಿಬಿಡಿ ಬೇಡ. ಗಂಟೆಯ ಲೆಕ್ಕದ ಟೇಬಲ್‌ಗೆ ಮಾತ್ರ ಈ ಬಿಡುವು ನಾಲ್ಕೇ ಗಂಟೆ. ಹೊಸ ಪ್ಯಾಕೇಜ್ ಹಾಕಿ, 5.0.0ರಲ್ಲಿ ನಿಲ್ಲದೆ 5.0.1 ಅಥವಾ ಅದಕ್ಕಿಂತ ಮುಂದಿನ ಆವೃತ್ತಿಗೆ ಎಕ್ಸ್‌ಟೆನ್ಷನ್ ನವೀಕರಿಸಿ. ಮೇಂಟೆನೆನ್ಸ್ ಅನ್ನು ಸರ್ವರ್ ಒಳಗೇ ತಾನಾಗಿ ಓಡಿಸುವ ಬ್ಯಾಕ್‌ಗ್ರೌಂಡ್ ವರ್ಕರ್ ಬಳಸುತ್ತಿದ್ದರೆ ಸರ್ವರ್ ಅನ್ನು ಮರುಪ್ರಾರಂಭಿಸಬೇಕು. ಕೆಲವು ಫಂಕ್ಷನ್‌ಗಳು ಅಳಿಸಿ ಮರುಸೃಷ್ಟಿಯಾಗುವುದರಿಂದ, ‘ಪಬ್ಲಿಕ್’ನಿಂದ (ಅಂದರೆ ಎಲ್ಲ ಬಳಕೆದಾರರಿಂದ) ನೀವು ಹಿಂಪಡೆದಿದ್ದ ಅನುಮತಿಗಳು ಸದ್ದಿಲ್ಲದೆ ಮರಳಿರಬಹುದು, ಇದನ್ನು ಪರಿಶೀಲಿಸುವವರು ಕಡಿಮೆ.

ಕೊನೆಗೆ ಮೇಂಟೆನೆನ್ಸ್ ಅನ್ನು ಒಮ್ಮೆ ಕೈಯಾರೆ ಓಡಿಸಿ, ‘ಚೆಕ್ ಡಿಫಾಲ್ಟ್’ ಫಂಕ್ಷನ್ ಕರೆಯಿರಿ. ಬೇರೆ ಯಾವ ಪಾರ್ಟಿಷನ್‌ಗೂ ಹೊಂದದ ಸಾಲುಗಳು ಹೋಗುವ ಡಿಫಾಲ್ಟ್ ಪಾರ್ಟಿಷನ್‌ನಲ್ಲಿ ಸಾಲುಗಳು ಸಿಕ್ಕಿಕೊಂಡಿದ್ದರೆ ಅದೇ ಅವಧಿಯ ಹೊಸ ಪಾರ್ಟಿಷನ್ ಸೃಷ್ಟಿಸಲು ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ, ಆದ್ದರಿಂದ ಜಾಬ್ ಮತ್ತೆ ಶುರು ಮಾಡುವ ಮುನ್ನ ‘ಪಾರ್ಟಿಷನ್ ಡೇಟಾ’ ಪ್ರೊಸೀಜರ್ ಮೂಲಕ ಅವುಗಳನ್ನು ಅಲ್ಲಿಂದ ಹೊರತೆಗೆಯಬೇಕು.