ಘಾಟಿಯಲ್ಲಿ ಬಸ್ಸು ಅಪಘಾತವಾದರೆ: ಮೊದಲು ಮೈ, ಆಮೇಲೆ ಕಾಗದ

ದೇವಿಮನೆ ಘಾಟಿಯಲ್ಲೋ ಅರಬೈಲಿನಲ್ಲೋ ಬಸ್ಸು ಅಪಘಾತವಾದರೆ 108ಕ್ಕೆ ಕರೆ ಮಾಡಿ. ಕುತ್ತಿಗೆ, ಬೆನ್ನು ನೋವು ಎಂದವರನ್ನು ಎಳೆದು ಕೂರಿಸಬೇಡಿ. ತಲೆಗೆ ಪೆಟ್ಟು ಬಿದ್ದವರು ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗಿನ ರಕ್ತಸ್ರಾವ ಗಂಟೆಗಳ ನಂತರ ವಾಂತಿ, ಮಂಪರಾಗಿ ಕಾಣಿಸಬಹುದು.

ಆಸ್ಪತ್ರೆಯಲ್ಲಿ ಬರೀ ‘ಬಿದ್ದೆ’ ಎನ್ನಬೇಡಿ. ‘ಬಸ್ಸು ಅಪಘಾತ’ ಎಂದೇ ಬರೆಸಿ, ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಮಾಡಿಸಿ. ಆ ಒಂದು ಸಾಲು ತಪ್ಪಿದರೆ ಮುಂದೆ ಪರಿಹಾರ ತಪ್ಪಿಸಲು ವಿಮೆಯವರ ವಕೀಲರಿಗೆ ಅದೇ ಸಾಕು. ಟಿಕೆಟ್ಟಿನ ಫೋಟೊ ಅಂದೇ ತೆಗೆಯಿರಿ, ಜೇಬಿನ ಬೆವರಿಗೇ ಅದರ ಅಕ್ಷರ ಮಾಸುತ್ತದೆ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಔಷಧಿ ಬಿಲ್ಲು ಜೋಪಾನ.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾಯ್ದೆಯಲ್ಲಿರುವ ಗಡುವು 6 ತಿಂಗಳು. ಅಪಘಾತ ಎಲ್ಲೇ ಆಗಿರಲಿ, ನೀವು ವಾಸಿಸುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ರಾಜಿಗೆ ಬಂದವರು ಚಾಚುವ ಖಾಲಿ ಕಾಗದಕ್ಕೆ ಸಹಿ ಮಾತ್ರ ಬೇಡ.