ಮಾಳಮಡ್ಡಿಯ ಜಗಲಿಯಲ್ಲಿ ಸ್ಪ್ರಿಟ್ಜ್

ಮಂಜುಗಡ್ಡೆ ಮೊದಲು, ಗುಳ್ಳೆಯೇಳುವ ವೈನ್ ಆಮೇಲೆ, ಕಹಿ ಮದ್ಯ ಅದರ ಮೇಲೆ, ಸೋಡಾ ಕೊನೆಗೆ. ಸ್ಪ್ರಿಟ್ಜ್ ಎಂಬ ಇಟಲಿಯ ಪೇಯವನ್ನು ಮಾಡುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕ್ರಮವನ್ನು. ಧಾರವಾಡದ ಮಾಳಮಡ್ಡಿ ಬಡಾವಣೆಯ ಮನೆಯಲ್ಲಿ ಮೊದಲ ಎರಡು ಸಲ ಕೆಟ್ಟದ್ದು ಇಲ್ಲಿಯೇ.

ಕೆಲಸದ ನಿಮಿತ್ತ ಒಂದು ವರ್ಷ ಇಟಲಿಯ ಪಾದುವಾದಲ್ಲಿದ್ದೆ. ಅಲ್ಲಿನ ಪಿಯಾತ್ಸಾ ದೆಲ್ಲೆ ಎರ್ಬೆ ಚೌಕದಲ್ಲಿ ಬೆಳಿಗ್ಗೆ ಕಾಯಿಪಲ್ಲೆ ಸಂತೆ. ಸಂಜೆಯಾದರೆ ಅದರ ಸುತ್ತ ಜನ ಕಿತ್ತಳೆ ಬಣ್ಣದ ಗ್ಲಾಸು ಹಿಡಿದು ನಿಂತಿರುತ್ತಾರೆ. ಹುಬ್ಬಳ್ಳಿಯ ದುರ್ಗದ ಬೈಲಿನ ಸಂಜೆಯನ್ನು ಕಂಡವರಿಗೆ ಆ ಗದ್ದಲ ಹೊಸದೆನಿಸುವುದಿಲ್ಲ. ಆ ಬಣ್ಣ ಅಪೆರೋಲ್ ಎಂಬ ಕಹಿ ಮದ್ಯದ್ದು. ಬಾರ್ಬಿಯೇರಿ ಸಹೋದರರು 1919ರಲ್ಲಿ ಅದನ್ನು ಹೊರತಂದದ್ದು ಪಾದುವಾದಲ್ಲಿಯೇ. ಸ್ಪ್ರಿಟ್ಜ್ ಅದಕ್ಕಿಂತ ಹಳೆಯದು. ಆ ಸೀಮೆಯಲ್ಲಿ ಆಸ್ಟ್ರಿಯಾದ ಆಳ್ವಿಕೆಯಿದ್ದಾಗ ಅದರ ಸೈನಿಕರು ಕಟುವಾದ ಸ್ಥಳೀಯ ವೈನಿಗೆ ನೀರು ಚಿಮುಕಿಸಿ ಕುಡಿಯುತ್ತಿದ್ದರಂತೆ. ಚಿಮುಕಿಸು ಎಂಬುದಕ್ಕೆ ಜರ್ಮನ್ ಭಾಷೆಯಲ್ಲಿರುವ ಪದವೇ ಹೆಸರಾಗಿ ಉಳಿಯಿತು. ಊಟಕ್ಕೆ ಮುಂಚೆ ಕುಡಿಯುವ ಇಂಥ ಪೇಯವನ್ನು ಅವರು ಅಪೆರಿತಿವೊ ಎನ್ನುತ್ತಾರೆ. ಲ್ಯಾಟಿನ್‌ನ 'ತೆರೆ' ಎಂಬ ಮೂಲದಿಂದ ಬಂದ ಮಾತು ಅದು. ತೆರೆಯುವುದು ಹಸಿವನ್ನು.

ಊರಿಗೆ ಮರಳಿದ ಮೇಲೆ ಏಪ್ರಿಲ್‌ನ ಒಂದು ಭಾನುವಾರ ನಾದಿನಿ, ಮೈದುನ ಎಲ್ಲರೂ ಸೇರಿದ್ದಾಗ ಮಾಡಿದೆ. ಫ್ರಿಜ್ಜಿನ ಸಣ್ಣ ಮಂಜುಗಡ್ಡೆ ನಾಲ್ಕು ತುಂಡು ಹಾಕಿ, ಅಪೆರೋಲ್ ಸುರಿದು, ಮೇಲೆ ವೈನ್ ಹಾಕಿ ಚಮಚದಿಂದ ಕಲಕಿದೆ. ಎರಡೇ ನಿಮಿಷದಲ್ಲಿ ಗುಳ್ಳೆಯೆಲ್ಲ ಹೋಗಿ ನೀರಾದ ಶರಬತ್ತು ಉಳಿಯಿತು. ಸೋಡಾ ಅಂಗಡಿಯಿಂದ ತಂದ ಹಾಗೆಯೇ ಬೆಚ್ಚಗಿತ್ತು. ಬೆಚ್ಚಗಿನ ದ್ರವದಲ್ಲಿ ಅನಿಲ ನಿಲ್ಲುವುದಿಲ್ಲ ಎಂಬುದು ಶಾಲೆಯಲ್ಲಿ ಓದಿದ್ದೇ ಆದರೂ ಕೈ ಅದನ್ನು ಕಲಿತಿರಲಿಲ್ಲ.

ಈಗ ಹಿಂದಿನ ರಾತ್ರಿಯೇ ಸಿದ್ಧತೆ. ನೀರನ್ನು ಕುದಿಸಿ ಆರಿಸಿ, ಸ್ಟೀಲಿನ ವಾಟಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡುತ್ತೇನೆ. ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ. ಗ್ಲಾಸಿನ ಕಂಠದವರೆಗೆ ಮಂಜುಗಡ್ಡೆ ಇರಬೇಕು. ಕಡಿಮೆ ಹಾಕಿದರೆ ಬೇಗ ಕರಗಿ ರುಚಿ ನೀರಾಗುತ್ತದೆ. ವೈನ್ ಮತ್ತು ಸೋಡಾ ಎರಡೂ ಕನಿಷ್ಠ ನಾಲ್ಕು ಗಂಟೆ ಫ್ರಿಜ್ಜಿನಲ್ಲಿರಬೇಕು. ಅಳತೆ ಮೂರು, ಎರಡು, ಒಂದು: ವೈನ್ 90 ಮಿಲಿ, ಅಪೆರೋಲ್ 60, ಸೋಡಾ 30. ಅಪೆರೋಲ್‌ನಲ್ಲಿ ಸಕ್ಕರೆ ಹೆಚ್ಚು, ತೂಕವೂ ಹೆಚ್ಚು. ಮೇಲಿನಿಂದ ಸುರಿದರೆ ತಾನೇ ಕೆಳಗಿಳಿಯುತ್ತ ಬೆರೆಯುತ್ತದೆ. ತಳಕ್ಕೆ ಹಾಕಿದರೆ ಅಲ್ಲೇ ಕೂತು ಚಮಚ ಕೇಳುತ್ತದೆ, ಚಮಚ ಆಡಿಸಿದಷ್ಟೂ ಗುಳ್ಳೆ ಸಾಯುತ್ತದೆ. ಒಂದೇ ಸಲ, ತಳದಿಂದ ಮೇಲಕ್ಕೆ ಮೆಲ್ಲನೆ ಎತ್ತಿದಂತೆ ತಿರುವಿದರೆ ಸಾಕು. ಒಂದು ಕಿತ್ತಳೆ ಹೋಳು. ಸಿಕ್ಕರೆ ಉಪ್ಪಿನಲ್ಲಿಟ್ಟ ಹಸಿರು ಆಲಿವ್ ಒಂದು.

ವೈನ್ ಇಟಲಿಯ ಪ್ರೊಸೆಕ್ಕೊ ಆಗಬೇಕೆಂದು ನಾನು ಹಟ ಹಿಡಿಯುವುದಿಲ್ಲ. ದುಬಾರಿ ಬಾಟಲಿಯನ್ನು ಕಹಿ ಮದ್ಯದಲ್ಲಿ ಮುಳುಗಿಸುವುದು ನನಗೆ ಸರಿಕಾಣದು. ನಾಸಿಕದ ಬ್ರೂಟ್, ಅಂದರೆ ಸಿಹಿ ಕಡಿಮೆ ಇರುವ ಗುಳ್ಳೆ ವೈನ್, ಚೆನ್ನಾಗಿ ಹೊಂದುತ್ತದೆ. ಪ್ರೊಸೆಕ್ಕೊ ಕೊಳ್ಳುವವರು ಚೀಟಿಯನ್ನು ಗಮನಿಸಬೇಕು: 'ಎಕ್ಸ್‌ಟ್ರಾ ಡ್ರೈ' ಎಂದಿದ್ದರೆ ಅದು ಬ್ರೂಟ್‌ಗಿಂತ ಸಿಹಿ, ಹೆಸರು ಏನೇ ಹೇಳಲಿ. ಅಪೆರೋಲ್ ಮೊದಲೇ ಸಿಹಿಯಾದ್ದರಿಂದ ನನ್ನ ಆಯ್ಕೆ ಬ್ರೂಟ್. ಅಪೆರೋಲ್ ಮಾತ್ರ ಬೆಂಗಳೂರಿನಿಂದ ಬರುವವರ ಕೈಯಲ್ಲಿ ತರಿಸುತ್ತೇನೆ. ಬಾಟಲಿ ತೆರೆಯುವಾಗ ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಬೇಕು. ಢಬ್ ಎಂಬ ಸದ್ದು ಬಂದರೆ ಅಷ್ಟು ಅನಿಲ ನಷ್ಟ.

ವೆನಿಸ್‌ನ ಹ್ಯಾರಿಸ್ ಬಾರ್‌ನಲ್ಲಿ ಜುಸೆಪ್ಪೆ ಚಿಪ್ರಿಯಾನಿ ಮಾಡಿದ ಬೆಲ್ಲಿನಿಯೂ ನನಗೆ ಇಷ್ಟ. ಬಿಳಿ ಪೀಚ್ ಹಣ್ಣಿನ ತಿರುಳು ಒಂದು ಪಾಲು, ಪ್ರೊಸೆಕ್ಕೊ ಎರಡು ಪಾಲು. ಆ ಪೀಚ್ ನಮ್ಮಲ್ಲಿ ಎಲ್ಲಿಯದು? ಆಪೂಸ್ ಮಾವಿನಿಂದ ಮಾಡಿ ನೋಡಿದೆ. ಅದರ ಸಿಹಿ, ಅದರ ವಾಸನೆ ವೈನನ್ನೇ ನುಂಗಿಬಿಟ್ಟವು. ಧಾರವಾಡದ ಕೆಂಪು ತಿರುಳಿನ ಪೇರಲ ಹಣ್ಣು ಗೆದ್ದಿತು. ಚೆನ್ನಾಗಿ ಕಳಿತ ಹಣ್ಣನ್ನು ಮಿಕ್ಸಿಗೆ ಹಾಕಿ, ಬೀಜ ಹೋಗುವಂತೆ ಎರಡು ಸಲ ಸೋಸಿ, ನಾಲ್ಕು ಹನಿ ಲಿಂಬೆರಸ ಬೆರೆಸಿ ತಣ್ಣಗಿಡುತ್ತೇನೆ. ತಿರುಳಿನ ಮೇಲೆ ವೈನ್ ಬಿದ್ದೊಡನೆ ನೊರೆ ಉಕ್ಕುತ್ತದೆ. ಸ್ವಲ್ಪ ಸುರಿದು, ನೊರೆ ಇಳಿದ ಮೇಲೆ ಮತ್ತೆ ಸುರಿಯಬೇಕು. ಇದಕ್ಕೆ ಮಂಜುಗಡ್ಡೆ ಬೇಡ.

ಅವ್ವ ಮದ್ಯ ಮುಟ್ಟುವುದಿಲ್ಲ. ಎಲ್ಲರ ಕೈಯಲ್ಲೂ ಚೆಂದದ ಗ್ಲಾಸಿದ್ದು ಅವಳ ಮುಂದೆ ಮಾತ್ರ ಲಿಂಬೆ ಶರಬತ್ತಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಪೆರೋಲ್‌ನ ಕಹಿಗೆ ಒಂದು ಆಧಾರ ಜೆನ್ಷಿಯನ್ ಎಂಬ ಗಿಡದ ಬೇರು. ನಮ್ಮ ಗ್ರಂಥಿಗೆ ಅಂಗಡಿಯ ಕಿರಾತಕಡ್ಡಿ ಅದೇ ಸಸ್ಯಕುಟುಂಬದ್ದು ಎಂದು ತಿಳಿದ ದಿನ ನನಗಾದ ಹಿಗ್ಗು ಹೇಳತೀರದು. ಮೂರು ಕಿತ್ತಳೆ, ಒಂದು ಮೋಸಂಬಿಯ ಸಿಪ್ಪೆಯನ್ನು ಒಳಗಿನ ಬಿಳಿ ಪದರದ ಸಮೇತ ಹೆಚ್ಚಿ, 300 ಮಿಲಿ ನೀರು, 250 ಗ್ರಾಂ ಸಕ್ಕರೆ, ಎರಡು ಲವಂಗ, ಬಣ್ಣಕ್ಕೆ ಬೀಟ್‌ರೂಟಿನ ಒಂದು ತೆಳು ಬಿಲ್ಲೆ ಹಾಕಿ ಹತ್ತು ನಿಮಿಷ ಕುದಿಸುತ್ತೇನೆ. ಒಲೆ ಆರಿಸಿ, ಮುರಿದ ಕಿರಾತಕಡ್ಡಿ ಅರ್ಧ ಚಮಚವನ್ನು ಬಟ್ಟೆಯಲ್ಲಿ ಕಟ್ಟಿ ಅದರಲ್ಲಿ ಇಳಿಬಿಡುತ್ತೇನೆ. ಇಲ್ಲಿ ಒಲೆಯ ಹತ್ತಿರದಿಂದ ಕದಲಬಾರದು. ಎರಡು ನಿಮಿಷಕ್ಕೊಮ್ಮೆ ರುಚಿ ನೋಡಿ, ಕಹಿ ನಾಲಿಗೆಯ ಹಿಂಭಾಗಕ್ಕೆ ತಲುಪಿತು ಎನ್ನುವಾಗ ಗಂಟನ್ನು ತೆಗೆಯಬೇಕು. ಒಮ್ಮೆ ಫೋನ್ ಬಂತೆಂದು ಹೋಗಿ ಇಡೀ ಪಾಕ ಚೆಲ್ಲಬೇಕಾಯಿತು. ಚಿಟಿಕೆ ಉಪ್ಪು ಹಾಕಿ ಸೋಸಿದರೆ ಫ್ರಿಜ್ಜಿನಲ್ಲಿ ಎರಡು ವಾರ ಇಟ್ಟುಕೊಳ್ಳುತ್ತೇನೆ. ಬಸುರಿಯರಿಗೂ ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿಗೂ ಇದನ್ನು ಕೊಡುವುದಿಲ್ಲ.

ವೈನ್ ಜಾಗಕ್ಕೆ ವಿಜಯಪುರದ ಕಡೆಯಿಂದ ಬರುವ ಹಸಿರು ದ್ರಾಕ್ಷಿ, ಸ್ವಲ್ಪ ಹುಳಿ ಇರುವಾಗಲೇ ಹಿಂಡಿದ ರಸ. ರಸ 60 ಮಿಲಿ, ಪಾಕ 30, ಸೋಡಾ 90. ಮೊದಲ ಗುಟುಕಿಗೆ ಅವ್ವ ಹುಬ್ಬೇರಿಸಿದಳು. "ಇದು ಆರಿದ ಕಷಾಯವಲ್ಲವೇನೇ?" ಎಂದಳು. ಗ್ಲಾಸನ್ನು ಮಾತ್ರ ಕೆಳಗಿಡಲಿಲ್ಲ.

ಜೊತೆಗೆ ತಿನ್ನಲು ಗಿರ್ಮಿಟ್ ಮಾಡುತ್ತೇನೆ. ಚುರುಮುರಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು ಕಹಿಗೆ ಒಳ್ಳೆಯ ಜೋಡಿ. ಮಿರ್ಚಿ ಬಜ್ಜಿ ಬೇಡ. ಖಾರದ ಬಾಯಿಗೆ ಗುಳ್ಳೆ ತಾಗಿದರೆ ಉರಿ ಇಮ್ಮಡಿಯಾಗುತ್ತದೆ. ಹುರಿದ ಉಪ್ಪು ಶೇಂಗಾ ಯಾವಾಗಲೂ ಇರುತ್ತದೆ.

ಸ್ಪ್ರಿಟ್ಜ್ ತಣ್ಣಗೆ, ಸಿಹಿಯಾಗಿ ಸಲೀಸಾಗಿ ಇಳಿಯುತ್ತದೆ. ಆದರೆ ಅಪೆರೋಲ್‌ನಲ್ಲಿ ಶೇಕಡಾ 11ರಷ್ಟು ಮದ್ಯಸಾರವಿದೆ, ವೈನಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಒಂದು ಗ್ಲಾಸು ಸ್ಪ್ರಿಟ್ಜ್ ಎಂದರೆ ಒಂದು ಗ್ಲಾಸು ವೈನ್ ಎಂದೇ ಲೆಕ್ಕ. ಎರಡಕ್ಕೆ ನಿಲ್ಲಿಸುತ್ತೇವೆ, ಹುಬ್ಬಳ್ಳಿಗೆ ಹೊರಡಬೇಕಾದವರು ಅವ್ವನ ಗ್ಲಾಸಿನದನ್ನೇ ಕುಡಿಯುತ್ತಾರೆ.

ಕಳೆದ ಸಲ ಅಡ್ಡಮಳೆ ಸುರಿದು ಜಗಲಿಯ ತುಂಬ ಮಣ್ಣಿನ ವಾಸನೆ ಹಬ್ಬಿದ್ದಾಗ ಅವ್ವ ತಾನಾಗಿಯೇ ಕೇಳಿದಳು, "ಆ ಕಹಿ ನೀರು ಇದೆಯೇನೇ? ಈ ಸಲ ದ್ರಾಕ್ಷಿ ರಸ ಕಡಿಮೆ ಹಾಕು."