ಈರುಳ್ಳಿ ಸಿಪ್ಪೆಯ ಬಣ್ಣ, ಅಲೆ ಅಲೆ ಶಾಲು

ನಿಟ್ಟಿಂಗ್ ಬಲ್ಲವರಲ್ಲಿ ಎಷ್ಟೋ ಜನ ಕುಲಾವಿ, ಸ್ವೆಟರ್, ಮಫ್ಲರ್‌ಗೆ ನಿಂತುಬಿಡುತ್ತಾರೆ. ಲೇಸ್ ಶಾಲು ಅಂದ ಕೂಡಲೇ ‘ಅಯ್ಯೋ, ಅದೆಲ್ಲ ನಮ್ಮ ಕೈಲಾಗಲ್ಲ’ ಅನ್ನುತ್ತಾರೆ. ಕಾಲುಚೀಲದ ಹಿಮ್ಮಡಿ ತಿರುಗಿಸಿದವರಿಗೆ ಲೇಸ್ ಏನೂ ಕಷ್ಟವಲ್ಲ. ಸೀದಾ, ಉಲ್ಟಾ, ಎರಡು ಕುಣಿಕೆ ಸೇರಿಸಿ ಒಂದು ಮಾಡುವುದು, ಕಡ್ಡಿಗೆ ದಾರ ಸುತ್ತಿ ತೂತು ಬಿಡುವುದು. ಇರುವುದು ಇಷ್ಟೇ ಕೆಲಸ.

ನಾನಿಲ್ಲಿ ಹೇಳುವ ವಿನ್ಯಾಸ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳದ್ದು. ಅಲ್ಲಿನ ಅನ್ಸ್ಟ್ ದ್ವೀಪದ ಹೆಂಗಸರು ಮದುವೆ ಉಂಗುರದೊಳಗೆ ತೂರಿ ಬರುವಷ್ಟು ತೆಳು ಶಾಲು ಹೆಣೆದು ಹೆಸರಾದವರು. ಆದರೆ ದಿನಬಳಕೆಗೆ ಹೊದೆಯುತ್ತಿದ್ದದ್ದು ‘ಹ್ಯಾಪ್’ ಅನ್ನುವ ಬೆಚ್ಚನೆಯ ಶಾಲು. ನಡುವೆ ಸಾದಾ ಹೆಣಿಗೆ, ಸುತ್ತಲೂ ಅಲೆಯಂಥ ಅಂಚು. ಅಂಚಿನಲ್ಲಿ ಬಿಳಿ, ಬೂದು, ಕಂದು ಪಟ್ಟೆಗಳು. ಅವೆಲ್ಲ ಕುರಿಯ ಮೈಬಣ್ಣವೇ. ಆ ಅಲೆಯ ಹೆಣಿಗೆಗೆ ‘ಓಲ್ಡ್ ಶೇಲ್’ ಅಂತ ಹೆಸರು. ಮೊದಲ ಲೇಸಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಬಣ್ಣಕ್ಕೂ ಲೇಸಿಗೂ ಜಗಳ

ಕೈಯಲ್ಲಿ ಬಣ್ಣ ಹಾಕಿದ ಉಣ್ಣೆ ಈಗ ಆನ್‌ಲೈನಿನಲ್ಲೂ ಸಿಗುತ್ತದೆ. ಒಂದೇ ಲಡಿಯಲ್ಲಿ ನೀಲಿ, ಗುಲಾಬಿ, ಹಳದಿ, ಹಸಿರು. ನೋಡಿದರೆ ಕೈ ತಾನಾಗಿ ಪರ್ಸಿಗೆ ಹೋಗುತ್ತದೆ. ನಾನೂ ಅಂಥದ್ದೊಂದು ತಂದು, ಎಲೆ ಬಳ್ಳಿಯ ಲೇಸ್ ಹೆಣೆದೆ. ಎರಡು ತಿಂಗಳ ಕೆಲಸ. ಮುಗಿದ ಮೇಲೆ ನೋಡಿದರೆ ಎಲೆಯೂ ಕಾಣದು, ಬಳ್ಳಿಯೂ ಕಾಣದು. ಬರೀ ಹೋಳಿ ಹಬ್ಬ.

ಲೇಸಿನ ಅಂದ ಇರುವುದು ತೂತುಗಳಲ್ಲಿ. ತೂತಿನ ಸುತ್ತ ಬೆರಳಗಲಕ್ಕೊಮ್ಮೆ ಬಣ್ಣ ಬದಲಾದರೆ ಕಣ್ಣು ಬಣ್ಣದ ಹಿಂದೆ ಓಡುತ್ತದೆ. ಅದಕ್ಕೇ ಲೇಸಿಗೆ ಒಂದೇ ಬಣ್ಣದ ದಾರ ಆರಿಸಿ. ಅದೇ ಬಣ್ಣ ಒಂದು ಕಡೆ ತಿಳಿಯಾಗಿ, ಇನ್ನೊಂದು ಕಡೆ ಗಾಢವಾಗಿ ಕೂತಿರಲಿ. ಬಿಸಿಲು ಬಿದ್ದ ಗೋಡೆ ಇರುತ್ತದಲ್ಲ, ಹಾಗೆ. ಗಿರಣಿಯ ದಾರದಲ್ಲಿ ಈ ಏರಿಳಿತ ಇರುವುದಿಲ್ಲ. ಮನೆಯಲ್ಲಿ ಬಣ್ಣ ಹಾಕಿದರೆ ಬೇಡವೆಂದರೂ ಬರುತ್ತದೆ.

ಮೊದಲು ದಾರ ಪರೀಕ್ಷೆ

ಅಂಗಡಿಯಲ್ಲಿ ‘ಉಲನ್’ ಅಂತ ಕೊಡುವುದರಲ್ಲಿ ಬಹಳಷ್ಟು ಅಕ್ರಿಲಿಕ್. ಅದಕ್ಕೆ ಈರುಳ್ಳಿ ಸಿಪ್ಪೆಯ ಬಣ್ಣ ಹತ್ತುವುದಿಲ್ಲ. ಗೊತ್ತಾಗುವುದು ಹೇಗೆ? ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ನಮ್ಮ ಡೆಕ್ಕನಿ ಕುರಿಯ ಉಣ್ಣೆ ಕಂಬಳಿಗೆ ಸರಿ, ಕುತ್ತಿಗೆಗೆ ಚುಚ್ಚುತ್ತದೆ. ಬಣ್ಣ ಹಾಕದ, ಮೆರಿನೊ ಅನ್ನುವ ಮೆತ್ತನೆ ಕುರಿಯುಣ್ಣೆಯ ದಾರ ತನ್ನಿ. 100 ಗ್ರಾಂಗೆ ಸುಮಾರು 400 ಮೀಟರ್ ಬರುವಂಥದ್ದು. ಒಂದು ಲಡಿಯಲ್ಲಿ ಸಣ್ಣ ಶಾಲು ಆಗುತ್ತದೆ.

ಬಣ್ಣ ಹಾಕುವುದು

ಮನೆಯ ಈರುಳ್ಳಿ ಸಿಪ್ಪೆ ಕೂಡಿಡುತ್ತಾ ಕೂತರೆ ವರ್ಷ ಹಿಡಿಯುತ್ತದೆ. ಮಾರ್ಕೆಟ್ಟಿನ ಈರುಳ್ಳಿ ಅಂಗಡಿಯಲ್ಲಿ ಕೇಳಿ. ‘ಇದನ್ನೂ ಕೇಳೋರು ಇದ್ದಾರಾ’ ಅಂತ ನಕ್ಕು ಚೀಲ ತುಂಬಿ ಕೊಡುತ್ತಾರೆ. 100 ಗ್ರಾಂ ಉಣ್ಣೆಗೆ 100 ಗ್ರಾಂ ಒಣ ಸಿಪ್ಪೆ ಬೇಕು. ತೂಗಿದಾಗ ಗೊತ್ತಾಗುತ್ತದೆ, ಅದು ಬಕೆಟ್ಟಿನ ತುಂಬಾ ಆಗುತ್ತದೆ ಅಂತ.

ಮೊದಲ ಕೆಲಸ, ಲಡಿಯನ್ನು ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟುವುದು. ಬಿಗಿಯಾಗಿ ಕಟ್ಟಿದರೆ ಆ ಜಾಗ ಬೆಳ್ಳಗೆ ಉಳಿಯುತ್ತದೆ. ಕಟ್ಟದೇ ಬಿಟ್ಟರೆ ಸಿಕ್ಕು ಬಿಡಿಸುವುದರಲ್ಲೇ ವಾರ ಕಳೆಯುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಒಂದು ಗಂಟೆ ನೆನೆಹಾಕಿ.

ಬಣ್ಣ ಗಟ್ಟಿಯಾಗಿ ಹಿಡಿಯಲು ಪಟಿಕ ಬೇಕು. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ನಾಲ್ಕೈದು ಲೀಟರ್ ನೀರಿಗೆ 12 ಗ್ರಾಂ ಪಟಿಕದ ಪುಡಿ ಕರಗಿಸಿ. ನೆನೆದ ಉಣ್ಣೆ ಹಾಕಿ ನಿಧಾನ ಬಿಸಿ ಮಾಡಿ. ತಳದಿಂದ ಸಣ್ಣ ಗುಳ್ಳೆ ಏಳಬೇಕು, ಕೊತಕೊತ ಕುದಿಯಬಾರದು. ಮುಕ್ಕಾಲು ಗಂಟೆ ಹಾಗೇ ಇಟ್ಟು ಒಲೆ ಆರಿಸಿ. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಇನ್ನೊಂದು ಪಾತ್ರೆಯಲ್ಲಿ ಸಿಪ್ಪೆಯನ್ನು ಒಂದು ಗಂಟೆ ಕುದಿಸಿ, ಸೋಸಿ, ಆರಲು ಬಿಡಿ. ಉಣ್ಣೆಯೂ ಬಣ್ಣದ ನೀರೂ ಹೆಚ್ಚುಕಮ್ಮಿ ಒಂದೇ ಬಿಸಿಗೆ ಬಂದ ಮೇಲೆ ಲಡಿಯನ್ನು ಇಳಿಬಿಡಿ. ಏರಿಳಿತ ಬೇಕಲ್ಲ? ಮೊದಲ ಹತ್ತು ನಿಮಿಷ ಲಡಿಯ ಅರ್ಧವನ್ನು ಮಾತ್ರ ಮುಳುಗಿಸಿ, ಉಳಿದರ್ಧವನ್ನು ಕೋಲಿಗೆ ನೇತುಹಾಕಿ. ಆಮೇಲೆ ಪೂರ್ತಿ ಬಿಡಿ. ಮತ್ತೆ ಸಣ್ಣ ಉರಿ, ಮುಕ್ಕಾಲು ಗಂಟೆ.

ಸೌಟು ಹಾಕಿ ತಿರುಗಿಸುವ ಆಸೆ ಬರುತ್ತದೆ. ತಡೆದುಕೊಳ್ಳಿ. ಉಣ್ಣೆಯ ಎಳೆಗೆ ಮೀನಿನಂತೆ ಪುಟ್ಟ ಹುರುಪೆಗಳಿವೆ. ಬಿಸಿಯಲ್ಲಿ ಅಲುಗಾಡಿಸಿದರೆ ಅಥವಾ ತಟ್ಟನೆ ತಣ್ಣೀರು ಸುರಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನನ್ನ ಮೊದಲ ಲಡಿಯನ್ನು ಒಲೆಯಿಂದ ಸೀದಾ ನಲ್ಲಿ ಕೆಳಗೆ ಹಿಡಿದಿದ್ದೆ. ಅದು ಈಗಲೂ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಯಾಗಿ ಕೆಲಸ ಮಾಡುತ್ತಿದೆ. ರಾತ್ರಿಯಿಡೀ ಅದೇ ನೀರಲ್ಲಿ ಆರಲಿ. ಬೆಳಿಗ್ಗೆ ಜಾಲಿಸಿ, ಹಿಂಡದೆ ಒತ್ತಿ, ನೆರಳಲ್ಲಿ ಒಣಗಿಸಿ. ಬಂಗಾರದ ಹಳದಿಯಿಂದ ಇಟ್ಟಿಗೆ ಬಣ್ಣದವರೆಗೆ ಏನಾದರೂ ಬರಬಹುದು.

ಉಳಿದ ನೀರು ಚೆಲ್ಲಬೇಡಿ. ಇನ್ನೊಂದು ಲಡಿ ಹಾಕಿದರೆ ತಿಳಿ ಹಳದಿ ಬರುತ್ತದೆ. ನನಗಂತೂ ಅದೇ ಹೆಚ್ಚು ಇಷ್ಟ. ಆಯುಧ ಪೂಜೆ ಮುಗಿದ ಮೇಲೆ ಬಾಡುವ ಚೆಂಡು ಹೂವಿನಿಂದಲೂ ಒಳ್ಳೆ ಹಳದಿ ತೆಗೆಯಬಹುದು. ಅರಿಶಿನ ಮಾತ್ರ ಬೇಡ. ಹಾಕಿದ ದಿನ ಥಳಥಳ, ಬಿಸಿಲಿಗೆ ಬೇಗ ಮಂಕು. ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿಯ ನೀರು ಕೆಂಪಾಗುತ್ತದೆ ಅಲ್ವಾ, ಸೋಪು ತಾಗಿದರೂ ಅದೇ ಕತೆ.

ಹೆಣೆಯುವುದು

ಲಡಿಯಿಂದ ಸೀದಾ ಹೆಣೆಯಬಾರದು. ಕುರ್ಚಿಯ ಬೆನ್ನಿಗೋ, ಮನೆಯಲ್ಲಿ ಸುಮ್ನೆ ಕೂತವರ ಎರಡು ಕೈಗೋ ಹಾಕಿ ಉಂಡೆ ಸುತ್ತಿಕೊಳ್ಳಿ.

ಕಡ್ಡಿ 4 ಮಿಲಿಮೀಟರಿನದು. ಇಲ್ಲೊಂದು ಗೊಂದಲ ಇದೆ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ಲೆಕ್ಕ, ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. ಅದರಲ್ಲಿ 8 ನಂಬರ್ ಅಂದರೆ 4 ಮಿ.ಮೀ. ಅಮೆರಿಕದ ಲೆಕ್ಕದಲ್ಲಿ 8 ಅಂದರೆ 5 ಮಿ.ಮೀ. ನಂಬರ್ ಬಿಡಿ, ಮಿಲಿಮೀಟರ್ ಕೇಳಿ.

78 ಕುಣಿಕೆ ಏರಿಸಿ. ಎರಡೂ ತುದಿಯ ಮೂರು ಮೂರು ಕುಣಿಕೆ ಅಂಚಿಗೆ, ಅವನ್ನು ಎಲ್ಲ ಸಾಲಿನಲ್ಲೂ ಸೀದಾ ಹೆಣೆಯಿರಿ. ನಡುವಿನ 72ರಲ್ಲಿ 18ರ ನಾಲ್ಕು ಅಲೆ. ಪ್ರತಿ 18ಕ್ಕೆ ಬೇರೆ ಬಣ್ಣದ ದಾರದ ಪುಟ್ಟ ಉಂಗುರ ಹಾಕಿಕೊಳ್ಳಿ. ಮೊದಲು ನಾಲ್ಕು ಸಾಲು ಪೂರ್ತಿ ಸೀದಾ. ಆಮೇಲೆ ಅಲೆ ಶುರು:

1ನೇ ಸಾಲು: ಎಲ್ಲ ಸೀದಾ.
2ನೇ ಸಾಲು: ಅಂಚು ಬಿಟ್ಟು ಎಲ್ಲ ಉಲ್ಟಾ.
3ನೇ ಸಾಲು: ಎರಡೆರಡು ಸೇರಿಸಿ ಸೀದಾ, ಮೂರು ಸಲ. ದಾರ ಸುತ್ತಿ ಒಂದು ಸೀದಾ, ಆರು ಸಲ. ಮತ್ತೆ ಎರಡೆರಡು ಸೇರಿಸಿ ಸೀದಾ, ಮೂರು ಸಲ. ಇದು ಒಂದು ಅಲೆ. ಹೀಗೇ ನಾಲ್ಕು.
4ನೇ ಸಾಲು: ಎಲ್ಲ ಸೀದಾ.

ಅಷ್ಟೇ. ಈ ನಾಲ್ಕು ಸಾಲು ಮತ್ತೆ ಮತ್ತೆ. ಯೋಚನೆ ಬೇಕಿರುವುದು ಮೂರನೆಯದಕ್ಕೆ ಮಾತ್ರ, ಉಳಿದ ಮೂರನ್ನು ಹರಟೆ ಹೊಡೆಯುತ್ತಲೇ ಮುಗಿಸಬಹುದು. ಆರು ಕುಣಿಕೆ ಕಳೆದು ಆರು ಕೂಡಿಸುತ್ತೀರಿ, ಹಾಗಾಗಿ ಉಂಗುರದಿಂದ ಉಂಗುರಕ್ಕೆ ಯಾವಾಗಲೂ 18 ಇರಬೇಕು. 17 ಬಂದರೆ ಎಲ್ಲೋ ದಾರ ಸುತ್ತಲು ಮರೆತಿದ್ದೀರಿ.

ಹತ್ತಿಪ್ಪತ್ತು ಸಾಲಿಗೊಮ್ಮೆ, ನಾಲ್ಕನೇ ಸಾಲು ಮುಗಿದಾಗ, ಸೂಜಿಯಲ್ಲಿ ನುಣುಪು ಹತ್ತಿ ದಾರ ಪೋಣಿಸಿ ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳೊಳಗೆ ತೂರಿಸಿಡಿ. ಉಂಗುರದೊಳಗೆ ತೂರಿಸಬೇಡಿ. ಮುಂದೆ ತಪ್ಪಾಗಿ ಬಿಚ್ಚಬೇಕಾದರೆ ಹೆಣಿಗೆ ಆ ದಾರಕ್ಕೆ ಬಂದು ನಿಲ್ಲುತ್ತದೆ. ಸೋಮಾರಿತನ ಮಾಡಿ ಇದನ್ನು ಬಿಟ್ಟ ದಿನವೇ ಬೆಕ್ಕು ಕಡ್ಡಿ ಎಳೆಯುತ್ತದೆ.

ಎರಡು ಲಡಿ ಬಳಸುವುದಾದರೆ ಹ್ಯಾಪ್ ಶಾಲಿನಂತೆ ಪಟ್ಟೆ ಹಾಕಿ. ನಾಲ್ಕು ಸಾಲು ಗಾಢ, ನಾಲ್ಕು ಸಾಲು ತಿಳಿ. ಬೇರೆ ಲೇಸಿನಲ್ಲಿ ಜಗಳವಾಡುವ ಬಣ್ಣ ಇಲ್ಲಿ ಅಲೆಯ ಜೊತೆ ತಾನೂ ಬಳುಕುತ್ತದೆ.

ಕೊನೆಗೆ ಒಂದು ಗೇಣು ದಾರ ಉಳಿಯುವವರೆಗೆ ಕಾಯಬೇಡಿ. ಕುಣಿಕೆ ಮುಚ್ಚಲು ಶಾಲಿನ ಅಗಲದ ನಾಲ್ಕು ಪಟ್ಟು ದಾರ ಇಟ್ಟುಕೊಳ್ಳಿ. ಮುಚ್ಚುವಾಗ 5 ಮಿ.ಮೀ. ಕಡ್ಡಿ ಹಿಡಿಯಿರಿ, ಸಡಿಲ ಇರಲಿ.

ಪಿನ್ ಹಾಕುವುದು

ಕಡ್ಡಿಯಿಂದ ಇಳಿದ ಲೇಸ್ ನೋಡಿದರೆ ಅಳು ಬರುತ್ತದೆ. ಹಿಂಡಿಟ್ಟ ನೆಲ ಒರೆಸುವ ಬಟ್ಟೆ ಥರ ಇರುತ್ತದೆ. ಗಾಬರಿ ಬೇಡ. ಸ್ವಲ್ಪ ಶಾಂಪೂ ಹಾಕಿದ ತಣ್ಣೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಒಂದಿಷ್ಟು ಬಣ್ಣ ಬಿಟ್ಟರೂ ಚಿಂತೆಯಿಲ್ಲ. ಜಾಲಿಸಿ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ.

ಹಾಸಿಗೆಯ ಮೇಲೆ ಹಳೆ ಬೆಡ್‌ಶೀಟ್ ಹಾಸಿ ಶಾಲು ಹರಡಿ, ತುಕ್ಕು ಹಿಡಿಯದ ಪಿನ್ನುಗಳಿಂದ ಚೆನ್ನಾಗಿ ಎಳೆದು ಕಟ್ಟಿ. ತುದಿಯ ಪ್ರತಿ ಅಲೆಯ ನೆತ್ತಿಗೂ ಒಂದೊಂದು ಪಿನ್. ಎಳೆಯುತ್ತಿದ್ದ ಹಾಗೇ ಮುಚ್ಚಿಕೊಂಡಿದ್ದ ತೂತುಗಳು ಒಂದೊಂದಾಗಿ ಕಣ್ಣು ಬಿಡುತ್ತವೆ. ಹಳದಿ ಎಲ್ಲಿ ತಿಳಿ, ಎಲ್ಲಿ ಗಾಢ ಅನ್ನುವುದು ಆಗಲೇ ಕಾಣುವುದು. ಮನೆಯವರನ್ನೆಲ್ಲ ಕರೆದು ತೋರಿಸುವ ಹೊತ್ತು ಇದು.

ಪೂರ್ತಿ ಒಣಗುವವರೆಗೆ ಪಿನ್ ತೆಗೆಯಬೇಡಿ. ಮಳೆಗಾಲದಲ್ಲಿ ಫ್ಯಾನ್ ಹಾಕಿದರೂ ಒಂದು ರಾತ್ರಿ ಬೇಕಾಗುತ್ತದೆ. ಅವತ್ತು ನೀವು ಬೇರೆ ಕಡೆ ಮಲಗಿಕೊಳ್ಳಿ.